ಏಳು ತಿಂಗಳ ಮಾತು

ನಿದ್ದೆಯಿಂದ ಎಚ್ಚರವಾದಾಗಲೆಲ್ಲ ನನ್ನ ಎದೆಯ ಮೇಲೆ ಅಮ್ಮನ ಅಂಗೈ ಇರುತ್ತಿತ್ತು. ಬಾಲ್ಯದ ಬಗ್ಗೆ ಯೋಚಿಸಿದರೆ ನನಗೆ ಮೊದಲು ನೆನಪಾಗುವುದು ಅದೇ. ಒತ್ತುತ್ತಿರಲಿಲ್ಲ, ತಟ್ಟುತ್ತಲೂ ಇರಲಿಲ್ಲ. ಹಾಲು ಬೆಚ್ಚಗಾಯಿತೇ ಎಂದು ಪಾತ್ರೆಗೆ ಕೈ ಸೋಕಿಸುವವರ ಹಾಗೆ ಸುಮ್ಮನೆ ಇಟ್ಟಿರುತ್ತಿದ್ದಳು. ನಾನು ಕಣ್ಣು ತೆರೆದದ್ದು ಕಂಡರೆ ಕೈ ತೆಗೆದು ಆ ಕಡೆ ಹೊರಳುತ್ತಿದ್ದಳು. ಶಾಲೆ ಸೇರಿದ ಮೇಲೂ, ಲಂಗ ಬಿಟ್ಟು ಸೀರೆ ಉಡತೊಡಗಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

"ಯಾಕಮ್ಮ ಹೀಗೆ?" ಎಂದು ಒಮ್ಮೆ ಕೇಳಿದ್ದೆ.

"ನೀನು ಏಳು ತಿಂಗಳಿಗೇ ಹುಟ್ಟಿದವಳಲ್ಲವೇನೇ. ಉಸಿರು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತಿರಲಿಲ್ಲ. ಕೈಯಿಟ್ಟೇ ನೋಡಬೇಕಿತ್ತು. ರೂಢಿಯಾಗಿಬಿಟ್ಟಿದೆ."

ಈ ಏಳು ತಿಂಗಳ ಮಾತನ್ನು ಅಮ್ಮ ಆಡಬಹುದಾಗಿದ್ದುದು ನನ್ನೊಬ್ಬಳ ಹತ್ತಿರ ಮಾತ್ರ. ಬೇರೆಯವರ ಮುಂದೆ ಎತ್ತಿದರೆ ಅವರ ತುಟಿಯಂಚಿನಲ್ಲಿ ಒಂದು ನಗೆ ಮೂಡುತ್ತಿತ್ತು. ಏಕೆಂದರೆ ಅಮ್ಮನ ಮದುವೆಯಾದದ್ದೂ ನಾನು ಹುಟ್ಟುವುದಕ್ಕೆ ಏಳೇ ತಿಂಗಳ ಮುಂಚೆ.

ಅಪ್ಪ ವಿರೂಪಾಕ್ಷಯ್ಯನವರಿಗೆ ನಮ್ಮ ಊರಿನಲ್ಲಿ ಪಾತ್ರೆ ಅಂಗಡಿಯಿತ್ತು. ಹಬ್ಬಕ್ಕೆಂದು ತವರಿಗೆ ಹೋಗಿದ್ದ ಅಮ್ಮನಿಗೆ ಅಲ್ಲೇ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ನೋವು ಕಾಣಿಸಿಕೊಂಡಿತಂತೆ. ಹುಟ್ಟಿದ ಕೂಸು ಬೊಗಸೆಯಲ್ಲಿ ಹಿಡಿಸುವಷ್ಟಿತ್ತು. ಹಾಲು ಚೀಪುವ ಶಕ್ತಿಯೂ ಇರಲಿಲ್ಲ. ಅಜ್ಜಿ ಹತ್ತಿಯಲ್ಲಿ ಸುತ್ತಿಕೊಟ್ಟಳು. ಅಮ್ಮ ಹಾಲು ಹಿಂಡಿ, ಬಟ್ಟೆಯ ಬತ್ತಿಯಲ್ಲಿ ಅದ್ದಿ ಅದ್ದಿ ತುಟಿಗೆ ಬಿಟ್ಟಳು, ನನ್ನನ್ನು ಮೈಗೆ ಕಟ್ಟಿಕೊಂಡೇ ಕೂತಳು. ಸುದ್ದಿ ಹೋದರೂ ಗಂಡನ ಮನೆಯಿಂದ ಯಾರೂ ಬರಲಿಲ್ಲ. ಅಪ್ಪನ ಅಕ್ಕ ಶಾಂತವೀರಮ್ಮ ಆಗಲೇ ಬೆರಳು ಮಡಿಚಿ ತಿಂಗಳು ಎಣಿಸಿದ್ದರು. ಕೊನೆಗೂ ಅವರೆಲ್ಲ ಬಂದು ನೋಡುವ ವೇಳೆಗೆ ನನಗೆ ಐದು ತಿಂಗಳು. ಕೆನ್ನೆ ತುಂಬಿಕೊಂಡು, ಕೈಕಾಲು ಆಡಿಸುತ್ತ ಮಲಗಿದ್ದೆ.

"ತಿಂಗಳು ತುಂಬದ ಕೂಸು ಹೀಗಿರುತ್ತದೆಯೇ?" ಎಂದರಂತೆ ಶಾಂತವೀರಮ್ಮತ್ತೆ.

ಅಮ್ಮ ಅಷ್ಟು ಪಾಡುಪಟ್ಟು ನನ್ನ ಮೈಮೇಲೆ ತುಂಬಿದ ಮಾಂಸವೇ ಅವಳಿಗೆ ವಿರುದ್ಧವಾಗಿ ಸಾಕ್ಷಿ ಹೇಳಿತು.

ಅಪ್ಪ ಕೆಟ್ಟವರಾಗಿರಲಿಲ್ಲ. ನಮ್ಮನ್ನು ಹೊರಗೆ ಹಾಕಲಿಲ್ಲ, ಕೈ ಎತ್ತಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳನ್ನು ನಮಗೆ ಬಿಟ್ಟು, ತಾವು ಅಂಗಡಿಯಲ್ಲೇ ಕೊಳಗ ಹಂಡೆಗಳ ನಡುವೆ ಹಾಸಿಗೆ ಹಾಸಿಕೊಂಡರು, ಅಷ್ಟೆ. ಊಟಕ್ಕೆ ಒಳಗೆ ಬಂದಾಗ, "ಸಾರು ಸಾಕು ಅಂತ ನಿಮ್ಮಮ್ಮನಿಗೆ ಹೇಳು" ಎನ್ನುತ್ತಿದ್ದರು. ಅಮ್ಮ ಸೌಟು ಹಿಡಿದು ಎದುರಿಗೇ ನಿಂತಿರುತ್ತಿದ್ದಳು. ಆದರೂ ನಾನು ಹೇಳುತ್ತಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಹಿತ್ತಾಳೆ ತಟ್ಟೆಯೊಂದನ್ನು ಮುಖದೆದುರು ಹಿಡಿದು, ಅಪ್ಪನ ಮೂಗು ನನಗೆ ಬಂದಿದೆಯೇ ಎಂದು ಹುಡುಕುತ್ತಿದ್ದೆ. ಆ ತಟ್ಟೆಗಳಲ್ಲಿ ಯಾರ ಮೂಗೂ ನೆಟ್ಟಗೆ ಕಾಣುತ್ತಿರಲಿಲ್ಲ.

ಅಪ್ಪ ತೀರಿಕೊಂಡ ದಿನ ಅಮ್ಮ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ಅವರು ಅವಳನ್ನು ಬಹಳ ಹೊತ್ತು ನೋಡಿದರು. ಏನೋ ಹೇಳುತ್ತಾರೆಂದು ಅಮ್ಮ ಮುಂದಕ್ಕೆ ಬಾಗಿದಳು. ಅವರು ನನ್ನ ಕಡೆ ತಿರುಗಿ, "ನೀರು ಕೊಡೋಕೆ ಹೇಳು" ಎಂದರು.

ನನಗೆ ಬಂದ ಸಂಬಂಧಗಳೆಲ್ಲ ಅತ್ತೆಯ ಲೆಕ್ಕ ಕಿವಿಗೆ ಬಿದ್ದೊಡನೆ ಹಿಂದಿರುಗಿದವು. ನಾನು ಬೇರೊಂದು ಊರಿನ ಶಾಲೆಯಲ್ಲಿ ಭೂಗೋಳದ ಮೇಡಂ ಆದೆ. ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಒಬ್ಬಳಿಗಾಗುವಷ್ಟು ಪಾತ್ರೆ. ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು. ಸೀಮೆಸುಣ್ಣದ ಧೂಳು ಎಂದುಕೊಂಡೆ. ಒಂದು ದಿನ ತರಗತಿಯಲ್ಲಿ ನದಿಗಳ ಹೆಸರು ಹೇಳುತ್ತ ಹೇಳುತ್ತ ಕಣ್ಣು ಕತ್ತಲಿಟ್ಟು ಮೇಜು ಹಿಡಿದು ಕುಸಿದೆ. ಶಾಲೆಯವರು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ನಫೀಸಾ ನನಗಿಂತ ಚಿಕ್ಕವರು, ಮೆಲುದನಿಯವರು. ನನ್ನನ್ನು ಮಲಗಿಸಿ, ಸ್ಕ್ಯಾನ್ ಮಾಡುವ ತಣ್ಣನೆಯ ಉಪಕರಣವನ್ನು ಎದೆಯ ಮೇಲಿಟ್ಟರು. ಅಮ್ಮನ ಅಂಗೈ ಇರುತ್ತಿದ್ದ ಜಾಗವದು. ಬಹಳ ಹೊತ್ತು ಪರದೆ ನೋಡಿದರು.

"ಬಿ.ಪಿ. ತುಂಬ ಹೆಚ್ಚಿದೆ. ಹೃದಯದ ಎಡಭಾಗದ ಗೋಡೆ ದಪ್ಪವಾಗಿದೆ, ಒಳಗಿನ ಜಾಗ ಇರಬೇಕಾದ್ದಕ್ಕಿಂತ ಚಿಕ್ಕದು. ನೀವು ತಿಂಗಳು ತುಂಬುವ ಮೊದಲೇ ಹುಟ್ಟಿದವರಾ?"

ನಾನು ಎದ್ದು ಕೂತೆ. "ಯಾಕೆ ಕೇಳ್ತೀರಿ?" ಎಂದೆ.

"ಅದೇ ಕಾರಣ ಅಂತ ಖಂಡಿತವಾಗಿ ಹೇಳೋಕಾಗಲ್ಲ. ಆದರೆ ಹಾಗೆ ಹುಟ್ಟಿದವರಲ್ಲಿ ಕೆಲವರ ಹೃದಯ ಹೀಗೆ ಬೆಳೆದಿರುತ್ತೆ. ವಯಸ್ಸಾಗುವ ಮೊದಲೇ ಬಿ.ಪಿ. ಶುರುವಾಗೋದೂ ಉಂಟು. ಹೆದರಬೇಡಿ, ಔಷಧಿ ಇದೆ. ಬಿಡದೆ ತಗೋಬೇಕು, ದಿನಾ ನಿಧಾನವಾಗಿ ನಡೀಬೇಕು."

"ಏಳು ತಿಂಗಳಿಗೆ ಹುಟ್ಟಿದೆ ಅಂತ ನಮ್ಮಮ್ಮ ಹೇಳ್ತಾರೆ."

"ಸರಿ ಮತ್ತೆ. ಅಮ್ಮನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದು ಅವರು ಬರೆದುಕೊಂಡರು.

ಅಷ್ಟು ಸಲೀಸಾಗಿ. ನನ್ನ ಆಯುಷ್ಯದಲ್ಲಿ ಅಮ್ಮನ ಆ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಮೊದಲ ಮನುಷ್ಯರು ಅವರು. ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು, ಕೆಟ್ಟ ಸುದ್ದಿ ಕೇಳಿರಬೇಕೆಂದು ಬಗೆದು ನನ್ನ ಬೆನ್ನು ಸವರಿದಳು.

ಆ ವಾರವೇ ಊರಿನ ಬಸ್ಸು ಹತ್ತಿದೆ. ಅಮ್ಮ ನೆನೆಹಾಕಿದ ಅವರೆಕಾಳಿನ ಮುಂದೆ ಕೂತು ಒಂದೊಂದಾಗಿ ಹಿಸುಕುತ್ತಿದ್ದಳು. ನಾನು ಚೀಲವನ್ನೂ ಇಳಿಸದೆ, "ಅಮ್ಮ, ನೀನು ಹೇಳಿದ್ದು ನಿಜ. ನಾನು ಏಳು ತಿಂಗಳಿಗೇ ಹುಟ್ಟಿದ್ದು. ನನ್ನ ಎದೆ ನೋಡಿಯೇ ಡಾಕ್ಟರ್ ಕೇಳಿದರು" ಎಂದೆ.

ಅಮ್ಮನ ಬೆರಳು ನಿಂತವು.

"ಡಾಕ್ಟರ ಹತ್ತಿರ ಯಾಕೆ ಹೋಗಿದ್ದೆ?"

ಹೇಳಿದೆ. ಹೇಳುತ್ತಿದ್ದಂತೆ ಅವಳ ಮುಖದಿಂದ ರಕ್ತ ಇಳಿದುಹೋಗುವುದು ಕಂಡಿತು. ಅದನ್ನು ತಪ್ಪಿಸಲು ಆತುರಾತುರವಾಗಿ, "ಶಾಂತವೀರಮ್ಮತ್ತೆ ಇನ್ನೂ ಇದ್ದಾರಲ್ಲ, ನಾಳೆಯೇ ಹೋಗಿ ಅವರ ಮುಂದೆ ನಿಂತು ಹೇಳಿ ಬರೋಣ" ಎಂದೆ.

"ಬೇಡ."

"ಇಷ್ಟು ವರ್ಷ ಅನ್ನಿಸಿಕೊಂಡೆಯಲ್ಲಮ್ಮ!"

"ಕಾದಿದ್ದೆ ಕಣೇ," ಎಂದಳು ಅಮ್ಮ. "ಯಾರಾದರೂ ಒಬ್ಬರು, ಈ ಗಂಗಾಂಬ ಹೇಳಿದ್ದು ನಿಜ ಅಂತ ಅನ್ನಲಿ ಅಂತ ಕಾದಿದ್ದೆ. ನಿಮ್ಮಪ್ಪನ ಕಡೇ ಉಸಿರಿನ ತನಕ ಕಾದೆ. ಆದರೆ ನಿನ್ನ ಎದೆ ಕೆಡಿಸಿ ಹೇಳಿಸಬೇಕಿತ್ತೇನೆ ಆ ದೇವರು? ನಾನು ಸುಳ್ಳುಗಾತಿಯಾಗೇ ಇದ್ದುಬಿಡ್ತಿದ್ದೆನಲ್ಲ."

ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಅತ್ತೆಯ ಮನೆಗೆ ನಾವು ಹೋಗಲಿಲ್ಲ. ಅಮ್ಮ ತಾನೇ ಒಂದು ಟ್ರಂಕು ಕಟ್ಟಿಕೊಂಡು ನನ್ನ ಜೊತೆ ಹೊರಟಳು. ನೆಲಮಟ್ಟದಲ್ಲಿ ಒಂದು ಮನೆ ಹಿಡಿದೆವು. ಮಾತ್ರೆಗಳು ಒಗ್ಗಿದವು, ಬಿ.ಪಿ. ಇಳಿಯಿತು, ದೂರ ನಡೆದರೆ ಮಾತ್ರ ಆಗಲೂ ಉಸಿರು ಸೋಲುತ್ತಿತ್ತು. ಸಂಜೆ ಅಂಗಡಿ ಬೀದಿಯಲ್ಲಿ ಇಬ್ಬರೂ ನಡೆಯಲು ಹೋಗುತ್ತಿದ್ದೆವು. ನಮ್ಮನ್ನು ಮಾತಾಡಿಸುವವರು ಆ ಊರಿನಲ್ಲಿ ಹೆಚ್ಚಿರಲಿಲ್ಲ. ನನ್ನ ಏದುಸಿರು ಕೇಳಿಸಿದ ಕೂಡಲೇ ಅಮ್ಮ ಯಾವುದಾದರೂ ಮುಚ್ಚಿದ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದಳು. ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ, ಏನಾಯಿತೆಂದು ಕೇಳುತ್ತಿರಲಿಲ್ಲ. ಒಂದಕ್ಷರವೂ ಓದಲು ಬಾರದ ನನ್ನ ಅಮ್ಮ, ನನಗೆ ಉಸಿರು ಹಿಂದಿರುಗುವ ತನಕ, ತಲೆಯೆತ್ತಿ ಆ ಅಂಗಡಿಯ ಬೋರ್ಡನ್ನೇ ನಿಧಾನವಾಗಿ ಓದುತ್ತ ನಿಂತಿರುತ್ತಿದ್ದಳು.