ಹೋಳಿಗೆ ಇಲ್ಲದ ಎಡೆ

ಆಸ್ಪತ್ರೆಯ ಖರ್ಚು ಕೊಡುವುದಿಲ್ಲ ಎಂದು ವಿಮಾ ಕಂಪನಿ ತಿಳಿಸಿತು. ಪಾಲಿಸಿ ಮಾಡಿಸುವ ಮೊದಲೇ ಬಸವಪ್ರಭುವಿಗೆ ಸಕ್ಕರೆ ಕಾಯಿಲೆ ಇತ್ತು, ಅದನ್ನು ಮುಚ್ಚಿಟ್ಟಿದ್ದಾನೆ, ಹಾಗೆಂದು ಮನೆಯವರೇ ಹೇಳಿದ್ದಾರೆ ಎಂಬುದು ಅವರ ಕಾರಣ.

ಗಂಡ ಹೋದಮೇಲೆ ತ್ರಿವೇಣಿಗೆ ಯಾವುದೂ ನಾಟುತ್ತಿರಲಿಲ್ಲ. ಇದು ನಾಟಿತು. ಮನೆಯವರು ಅಂದರೆ ಯಾರು? ಮರಾಠಿ ಸೀಮೆಯ ಕಾತ್ರಜದ ಆ ಎರಡು ಕೋಣೆಯ ಮನೆಯಲ್ಲಿ ಈಗ ಇರುವವರು ಅವಳು ಮತ್ತು ಅತ್ತೆ ಶಿವಗಂಗವ್ವ. ಅವಳಂತೂ ಹೇಳಿರಲಿಲ್ಲ.

ಆಮೇಲೆ ಶಿವಗಣಾರಾಧನೆಯ ದಿನ ನೆನಪಾಯಿತು. ಕಿಶೋರ ಎಂಬವನೊಬ್ಬ ಬಂದಿದ್ದ. ಬಸವಪ್ರಭುವಿನ ಪರಿಚಯದವನು ಎಂದು ಹೇಳಿ, ಫೋಟೋಕ್ಕೆ ಕೈಮುಗಿದು, ಸಾಲಿನಲ್ಲಿ ಊಟಕ್ಕೆ ಕುಳಿತಿದ್ದ. ತೀರಿಕೊಂಡವನಿಗೆ ಸೇರುತ್ತಿದ್ದ ಅಡುಗೆಯನ್ನೆಲ್ಲ ಅಂದು ಮಾಡಿ ಫೋಟೋದ ಮುಂದೆ ಎಡೆ ಇಡುವುದು ವಾಡಿಕೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೆಣಸಿನಕಾಯಿ ಭಜಿ ಎಲ್ಲ ಇತ್ತು. ಬಂದವರಿಗೆ ಬಡಿಸಿದ ಹೋಳಿಗೆ ಮಗನ ಎಲೆಯಲ್ಲಿ ಮಾತ್ರ ಇರಲಿಲ್ಲ. ಪಕ್ಕದ ಮನೆಯ ಸಾವಿತ್ರಿಬಾಯಿ ಯಾಕೆಂದು ಕೇಳಿದಳು. ನನ್ನ ಮಗ ನಾಲ್ಕು ವರ್ಷದಿಂದ ಸಿಹಿ ಮುಟ್ಟಿಲ್ಲ ಎಂದು ಶಿವಗಂಗವ್ವ ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲೇ ಹೇಳಿದಳು. ಕಿಶೋರ, ಹೌದಾ ಕಾಕೂ, ನಾಲ್ಕು ವರ್ಷವಾ ಎಂದು ಕೇಳಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಪಾಲಿಸಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

ಕಂಪನಿಯ ಮೇಲೆ ಹುಟ್ಟಿದ ಅನುಮಾನ ಮೆಲ್ಲಗೆ ಮನೆಯೊಳಗೆ ಬಂತು. ಆಸ್ಪತ್ರೆಗೆ ಸೇರಿಸಿದ ದಿನ ಅವನ ರಕ್ತದಲ್ಲಿ ಸಕ್ಕರೆ ಏರಿತ್ತು. ಮೇದೋಜೀರಕ ಊದಿಕೊಂಡರೂ ಹಾಗೆ ಏರುತ್ತದೆ ಎಂದು ಡಾಕ್ಟರು ಅಂದಿದ್ದರು, ಇವಳು ನಂಬಿದ್ದಳು. ಸಿಹಿ ಯಾಕೆ ಬೇಡ ಎಂದು ಕೇಳಿದಾಗಲೆಲ್ಲ ಬಸವಪ್ರಭು ಅಸಿಡಿಟಿ ಎನ್ನುತ್ತಿದ್ದ, ಅದನ್ನೂ ನಂಬಿದ್ದಳು. ಈಗ ಅವನು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದ ನೀರಿನ ಬಾಟಲಿ, ಊಟವಾದೊಡನೆ ಹೊರಡುತ್ತಿದ್ದ ವಾಕಿಂಗು, ಒಂದೊಂದೇ ಎದ್ದು ಬಂದು ಸಾಕ್ಷಿ ನುಡಿಯತೊಡಗಿದವು. ತಾಯಿ ಮಗ ಇಬ್ಬರೂ ಸೇರಿ ತನ್ನಿಂದ ಮುಚ್ಚಿಟ್ಟರೇ?

ಅಪ್ಪ ನಿಜಲಿಂಗಪ್ಪ ವಿಜಯಪುರದಿಂದ ಬಂದ. ಬಂದವನೇ ಅಡುಗೆಮನೆಗೆ ಕೇಳುವಂತೆ ಶುರುಮಾಡಿದ.

"ಲಗ್ನಕ್ಕ ಮೊದಲ ಬಾಯಿಬಿಟ್ಟು ಕೇಳಿದ್ದೆ, ಹುಡುಗಗ ಏನರ ಜಡ್ಡು ಅದ ಏನ್ರಿ ಅಂತ. ಗುಂಡುಕಲ್ಲಿನಂಗ ಅದಾನ್ರಿ ಅಂದಿದ್ರು."

ಒಳಗೆ ಪಾತ್ರೆಯ ಸದ್ದು ನಿಂತಿತು. ತ್ರಿವೇಣಿ ಸಕ್ಕರೆ ಹಾಕದ ಚಹಾ ತಂದುಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಈ ಬ್ಯಾನಿ ಬಂದವ್ರದು ಮೊದಲ ಚಾದ ಸಕ್ಕರಿ ಕಸಗೋತಾರ ನೋಡವಾ. ಆಮ್ಯಾಲಿನ ಮಾತು ಉಳಿದದ್ದು," ಎನ್ನುತ್ತಲೇ ಚಿಕ್ಕಿಯ ಡಬ್ಬಿಗೆ ಕೈಹಾಕಿದ. "ಒಂದು ತುಣುಕಿಗೆ ಏನೂ ಆಗಂಗಿಲ್ಲ."

ತ್ರಿವೇಣಿ ಆ ಕೈಯನ್ನೇ ನೋಡಿದಳು. ಬಸವಪ್ರಭುವಿನ ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕಿತ್ತು. ಕಡಿಮೆಯಾದರೆ ಲೋಟ ಹಿಂದಕ್ಕೆ ಬರುತ್ತಿತ್ತು. ಅದೇ ಮನುಷ್ಯ ಲೋಣಾವಳಾದಲ್ಲಿ ಚಿಕ್ಕಿ ಕೊಂಡು, ಮುರಿದು, ಎಲ್ಲವನ್ನೂ ಇವಳ ಕೈಗಿಟ್ಟು, ಬೆರಳಿಗೆ ಅಂಟಿದ ಬೆಲ್ಲವನ್ನು ನೆಕ್ಕದೆ ಬಾಟಲಿಯ ನೀರಿನಲ್ಲಿ ತೊಳೆದುಕೊಂಡಿದ್ದ. ರೋಗಕ್ಕೆ ಹೆದರಿದವನು ಚಹಾದ ಸಕ್ಕರೆ ಬಿಡದೆ ಬೆರಳಿನ ಬೆಲ್ಲ ಬಿಡುವುದಿಲ್ಲ.

ಅಪ್ಪ ಹೊರಟ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅತ್ತ್ಯಾರ, ಅವರು ಸಿಹಿ ಯಾಕ ಬಿಟ್ಟಿದ್ರು?"

"ಅಸಿಡಿಟಿ ಇತ್ತಲ್ಲ."

"ಚಾ ಕುಡಿದ್ರ ಆಗ್ತಿದ್ದಿಲ್ಲೇನು?"

ಶಿವಗಂಗವ್ವ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು.

"ಕೇಳಬ್ಯಾಡ ತಂಗಿ."

"ಸುಳ್ಳು ಹೇಳಿ ನನ್ನ ಮಾಡ್ಕೊಂಡ್ರೇನು?"

ಅತ್ತೆ ಕೈಯ ಬಟ್ಟೆಯನ್ನು ಕೆಳಗಿಟ್ಟಳು. ಹೋಗಿ ಮೊದಲು ಹೊರಬಾಗಿಲು ಹಾಕಿಕೊಂಡು ಬಂದಳು.

"ನಿನಗ ಡೆಂಗ್ಯೂ ಆದಾಗ ಡಾಕ್ಟರು ಕೈ ಚೆಲ್ಲಿದ್ರು. ಅವತ್ತ ಸಿದ್ಧಾರೂಢ ಅಜ್ಜಗ ಬೇಡ್ಕೊಂಡ. ಇಕಿ ಇರೂತನಕ ಸಿಹಿ ತಿನಿಸು ಬಾಯಾಗ ಇಡಂಗಿಲ್ಲ ಅಂತ. ಹೇಳಿದ್ರ ಹರಕಿ ಮುರಿತದ ಅಂತ ನನಗೂ ಆಣಿ ಹಾಕಿದ್ದ."

ತ್ರಿವೇಣಿ ಫೋಟೋದ ಕಡೆ ತಿರುಗಿದಳು.

"ಅವರು ಹ್ವಾದ್ರಲ್ಲ. ಎಡಿಗೆ ಯಾಕ ಇಡಲಿಲ್ಲ?"

"ನೀ ಇನ್ನೂ ಇದ್ದೀಯಲ್ಲ."

ಅತ್ತೆ ಕಥೆ ಕಟ್ಟಿದ್ದಿರಬಹುದೇ ಎಂದೂ ತ್ರಿವೇಣಿ ಯೋಚಿಸಿದಳು. ಆದರೆ ಎಡೆ ಇಟ್ಟದ್ದು ಮೊದಲು, ಕಂಪನಿಯ ಮಾತು ಬಂದದ್ದು ಆಮೇಲೆ. ಮುಂದೆ ಬೇಕಾದೀತೆಂದು ಯಾವ ತಾಯಿಯೂ ಸತ್ತ ಮಗನ ಎಲೆಯಿಂದ ಹೋಳಿಗೆ ತೆಗೆದಿಡುವುದಿಲ್ಲ. ಡೆಂಗ್ಯೂ ಬಂದುಹೋದ ಮೇಲೆಯೇ ಬಸವಪ್ರಭು ಹೆದರಿ ಪಾಲಿಸಿಯನ್ನೂ ಮಾಡಿಸಿದ್ದ.

ಇದನ್ನು ಕಂಪನಿಯವರ ಮುಂದೆ ಹೇಳುತ್ತೇನೆ ಎಂದಾಗ ಶಿವಗಂಗವ್ವ ಅಡ್ಡ ಬಂದಳು. ನಿನಗೆ ಹೇಳಿದ್ದೇ ತಪ್ಪಾಗಿದೆ, ಇನ್ನು ಊರಿಗೆಲ್ಲ ಸಾರಬೇಡ ಎಂದು ಕೈ ಹಿಡಿದುಕೊಂಡಳು. ಎಂ.ಎ. ಓದಿದ ತ್ರಿವೇಣಿಗೆ ಹರಕೆಗಳಲ್ಲಿ ನಂಬಿಕೆ ಇರಲಿಲ್ಲ. ಕೈ ಬಿಡಿಸಿಕೊಂಡು ಹೊರಟಳು.

ಕಂಪನಿಯ ಕಚೇರಿಯಲ್ಲಿ ಮೇಜಿನಾಚೆ ಅಧಿಕಾರಿಯ ಪಕ್ಕ ಕಿಶೋರನೇ ಕುಳಿತಿದ್ದ. ಇಲ್ಲಿ ಅವನು ಪರಿಚಯವೇ ಇಲ್ಲದವನಂತೆ ನೋಡಿದ. ತ್ರಿವೇಣಿ ಮೂರು ಚಮಚದ ಚಹಾದ ಮಾತು ಹೇಳಿದಳು. ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನೂ ಹೇಳಿದಳು. ಅಧಿಕಾರಿ ತಲೆಯಾಡಿಸಿದ.

ಆಗ ಕಿಶೋರ ಮೆತ್ತಗೆ, ಅಂದು ಊಟಕ್ಕೆ ಕುಳಿತಾಗಿನ ಅದೇ ದನಿಯಲ್ಲಿ ಕೇಳಿದ. ಕಾಯಿಲೆ ಇಲ್ಲದಿದ್ದರೆ ಸಿಹಿ ಬಿಟ್ಟದ್ದು ಯಾಕೆ, ವಹಿನಿ?

ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಿಶೋರ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ. ಆ ಪೆನ್ನನ್ನು ನೋಡುತ್ತಿದ್ದಂತೆ ಬಾಟಲಿಯ ನೀರಿನಲ್ಲಿ ಬೆರಳು ತೊಳೆಯುತ್ತಿದ್ದ ಕೈ ಕಣ್ಣಿಗೆ ಬಂತು.

"ಗೊತ್ತಿಲ್ಲ," ಎಂದಳು.

ಹೆಂಡತಿಗೇ ಗೊತ್ತಿಲ್ಲ ಎಂದರೆ ನಾವೇನು ಮಾಡೋಣ ಎಂದು ಅಧಿಕಾರಿ ಕಾಗದಗಳನ್ನು ಜೋಡಿಸಿದ. ಸುಳ್ಳನ್ನು ಹಿಡಿದೆ ಎಂಬಂತೆ ಕಿಶೋರ ಮುಚ್ಚಳ ಹಾಕಿಕೊಂಡ. ಈ ಒಂದು ಸಲ ಅವನ ಅನುಮಾನ ಸರಿಯಾಗಿತ್ತು.

ಮನೆಯ ಬಾಗಿಲಲ್ಲಿ ಶಿವಗಂಗವ್ವ ನಿಂತೇ ಇದ್ದಳು. ಒಪ್ಪಿದರೋ ಇಲ್ಲವೋ ಎಂದು ಕೇಳಲಿಲ್ಲ.

"ಹೇಳಿದೇನು?"

"ಇಲ್ರಿ."

ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಜ್ವರ ನೋಡುವವರಂತೆ ಅವಳ ಹಣೆಯ ಮೇಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.