ಭಾವ ಹನ್ನೊಂದು ಸುತ್ತು ಹೊಡೆದ ಲಿಫ್ಟು

ನನಗೆ ಮರೆವು ಬಂದಿದೆ ಅಂತ ಮನೆಯವರ ಗ್ರೂಪಲ್ಲಿ ಬರೆದೋರು ಯಾರು ಅಂತ ಗೊತ್ತು. ಹೇಳಲ್ಲ, ಮಾನ ಉಳಿಸ್ಕೊಳ್ಳಿ. ಕನ್ನಡಕ ಎಲ್ಲಿಟ್ಟೆ ಅಂತ ನೆನಪಿರಲ್ಲ, ನಿಜ. ಆದ್ರೆ ನಮ್ಮ ಭಾವ ಲಿಫ್ಟಲ್ಲಿ ಎಷ್ಟು ಸುತ್ತು ಹೊಡೆದ್ರು ಅಂತ ಕೇಳಿ. ಹನ್ನೊಂದು. ಈಗ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.

ಲಿಫ್ಟ್ ತಯಾರಿಸೋ ಕಂಪನೀಲಿ ಆಗ ಅಕ್ಕನ ಗಂಡನೇ ನನ್ನ ಮೇಲಧಿಕಾರಿ. ಲಿಫ್ಟ್ ನಡೆಸೋ ಎಲೆಕ್ಟ್ರಾನಿಕ್ ಬೋರ್ಡಿಗೆ ಅಂತ ನಾನು ಎರಡು ವರ್ಷ ಕೂತು ಒಂದು ಕಂಪೈಲರ್ ಕಟ್ಟಿದ್ದೆ. ಅದರ ಕೊನೇ ಭಾಗ ಅಸೆಂಬ್ಲರ್. ನಾವು ಬರೆದದ್ದನ್ನ ಚಿಪ್ಪಿಗೆ ಅರ್ಥ ಆಗೋ ಅಂಕಿ ಮಾಡಿಕೊಡೋದು ಅದು.

"ನಿನ್ನ ಮನೆಮದ್ದು ಸಾಕಯ್ಯ," ಅಂದ್ರು ಭಾವ. "ಇವತ್ತೊಂದು ಸಲ ನೋಡ್ತೀನಿ. ಎಡವಟ್ಟಾದ್ರೆ ಇದನ್ನ ಕಸದ ಬುಟ್ಟಿಗೆ ಹಾಕಿ ಹೊರಗಿಂದ ತರಿಸೋದೇ."

"ನೋಡಿ ಭಾವ."

"ಬಾಗಿಲು ತೆಗೆಯೋ ಮುಂಚೆ ಗಂಟೆ ಹೊಡೀಬೇಕು. ಅದನ್ನೂ ಸೇರಿಸು."

ಸೇರಿಸ್ದೆ. ಭಾವ ಟೈ ಸರಿಮಾಡ್ಕೊಂಡು ಲಿಫ್ಟ್ ಒಳಗೆ ಹೋದ್ರು. ಐದನೇ ಮಹಡಿ, ಟಿಂಗ್. ಬಾಗಿಲು ತೆಗೀಲಿಲ್ಲ. ಕೆಳಗೆ ಬಂತು, ಟಿಂಗ್. ಮತ್ತೆ ಮೇಲೆ. ಆ ಬೀಗ ಬೋರ್ಡ್ ಹೇಳಿದ್ರೆ ಮಾತ್ರ ಬಿಡೋದು, ಕೈಯಲ್ಲಿ ಎಳೆದ್ರೆ ಬರಲ್ಲ.

ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ತಂದ್ಲು. "ನಿಮ್ಮ ಭಾವ ಎಲ್ಲೋ?"

"ಮೇಲೆ." ಟಿಂಗ್. "ಈಗ ಹೊರಟ್ರು ನೋಡು, ಕೆಳಗೆ."

ಕಾಗದ ಹರಡ್ಕೊಂಡು ಬೈಟ್ ಎಣಿಸ್ದೆ, ಅಂದ್ರೆ ಚಿಪ್ಪಲ್ಲಿ ಒಂದೊಂದು ಅಂಕಿ ಕೂರೋ ಮನೆ. ಇಲ್ಲಿಂದ ಅಲ್ಲಿಗೆ ಹಾರು ಅನ್ನೋ ಆಜ್ಞೇಲಿ ಎರಡು ಥರ. ಗಿಡ್ಡದ್ದು ಎರಡೇ ಬೈಟು, ಮುಂದಕ್ಕೆ ನೂರ ಇಪ್ಪತ್ತೇಳರ ತನಕ ಹಾರುತ್ತೆ. ಉದ್ದದ್ದು ಮೂರು ಬೈಟು, ಎಲ್ಲಿಗೆ ಬೇಕಾದ್ರೂ ಹಾರುತ್ತೆ. ನನ್ನ ಅಸೆಂಬ್ಲರ್ ಎಲ್ಲಾ ದೂರಾನೂ ಒಂದೇ ಸಲ ಅಳೆದು, ಎಟುಕದೇ ಇದ್ದದ್ದನ್ನ ಉದ್ದ ಮಾಡ್ತಿತ್ತು. ಅಷ್ಟೇ, ತಿರುಗಿ ನೋಡ್ತಿರಲಿಲ್ಲ. ಬೆಂಚಲ್ಲಿ ಒಬ್ಬ ದಪ್ಪ ಆದ್ರೆ ತುದೀಲಿರೋನು ಬೀಳಲ್ವಾ? ಭಾವನ ಗಂಟೆಯಿಂದ ನಡುವೆ ಇದ್ದ ಒಂದು ಆಜ್ಞೆ ಉದ್ದ ಆಯ್ತು. ಅದರಿಂದ ಬಾಗಿಲಿಗೆ ಹಾರೋ ದೂರ ನೂರ ಇಪ್ಪತ್ತೇಳಿದ್ದದ್ದು ನೂರ ಇಪ್ಪತ್ತೆಂಟಾಯ್ತು. ಗಿಡ್ಡದ್ದರಲ್ಲಿ ಅಷ್ಟು ಹಿಡಿಸಲ್ಲ, ಚಿಪ್ಪು ಅದನ್ನ ಹಿಂದಕ್ಕೆ ಹಾರು ಅಂತ ಓದ್ಕೊಳ್ತು. ಹಿಂದೆ ಏನಿತ್ತು? ಲಿಫ್ಟ್ ಹೊರಡಿಸೋ ಸಾಲು.

ಇನ್ಯಾವ ಆಜ್ಞೇನೂ ಬೆಳೆಯಲ್ಲ ಅನ್ನೋ ತನಕ ಮತ್ತೆ ಮತ್ತೆ ಅಳೆ ಅಂತ ಅಸೆಂಬ್ಲರಿಗೆ ಬರೆದೆ. ಒಂಬತ್ತನೇ ಸುತ್ತಿಗೆ ಹೊಸ ಚಿಪ್ಪು ನನ್ನ ಜೇಬಲ್ಲಿತ್ತು.

ಅಕ್ಕ ಜೇಬು ನೋಡಿದ್ಲು. "ಇನ್ನೊಂದು ಸುತ್ತು ಹೋಗ್ಲಿ ಬಿಡು," ಅಂದ್ಲು. "ಮನೇಲಿ ಒಂದು ಕಡೆ ಕೂರಲ್ಲ."

ಲಿಫ್ಟ್ ಕೆಳಗೆ ಬಂದಾಗ ಬಾಗಿಲಿನ ಜಾಲರಿ ಹತ್ರ ಹೋದೆ. "ನೀವು ಹೇಳಿದ್ದೇ ಸರಿ ಭಾವ, ಹೊರಗಿಂದಾನೇ ತರಿಸೋಣ. ಒಂದು ತಿಂಗಳು ಹಿಡಿಯುತ್ತೆ. ಅಲ್ಲೀತನಕ ಊಟ ಈ ಸಂದಿಯಿಂದ..."

ಟಿಂಗ್. ಹೊರಟೇ ಹೋದ್ರು.

ಮುಂದಿನ ಸಲ ಬಂದಾಗ ಟೈ ಕೈಯಲ್ಲಿತ್ತು. "ನಿಂದೇ ಇರ್ಲಿ ಮಾರಾಯ, ನಿಂದೇ ಇರ್ಲಿ."

"ಅಕ್ಕ, ಕೇಳಿಸ್ಕೊಂಡ್ಯಲ್ಲ?"

"ಕೇಳಿಸ್ತು."

ಸ್ವಿಚ್ ಆರಿಸಿ, ಚಿಪ್ಪು ಬದಲಾಯಿಸಿ, ಮತ್ತೆ ಹಾಕ್ದೆ. ಟಿಂಗ್. ಬಾಗಿಲು ತೆಗೀತು. ನನ್ನ ಅಸೆಂಬ್ಲರ್ ಹದಿನಾರು ವರ್ಷ ಓಡ್ತು.

ಕೊನೇ ಎರಡು ಸುತ್ತು ಸುಮ್ಮನೆ ಅಂತ ಭಾವನಿಗೆ ಇನ್ನೂ ಗೊತ್ತಿಲ್ಲ. ಇದನ್ನ ಎಲ್ಲರಿಗೂ ಕಳಿಸಿ, ಮೊದಲು ಭಾವನಿಗೇ ಕಳಿಸಿ. ಅವರಿರೋದು ನನ್ನ ಮೇಲೆ, ಮೂರನೇ ಮಹಡೀಲಿ. ಇವತ್ತಿಗೂ ಮೆಟ್ಟಿಲಲ್ಲೇ ಇಳಿಯೋದು. ಅವರು ಬರೋಷ್ಟರಲ್ಲಿ ನಾನು ಚಪ್ಪಲಿ ಹಾಕ್ಕೊಂಡಿರ್ತೀನಿ.