ಗುಂಡ ಮಲಗಿ ನೋಡಿದ ಹಾಸಿಗೆ

ಅಕ್ಕನ ಹಾಸಿಗೆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಹತ್ತಿ ತುಂಬಿ, ಅಂಚು ಹೊಲಿದು ಮುಗಿಸಿದ ಯಾವ ಹಾಸಿಗೆಯೂ ತಮ್ಮ ಗುಂಡ ಅದರ ಮೇಲೆ ಮಲಗಿ ನೋಡದೆ ಬಾಗಿಲು ದಾಟುತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟು, ಕೈಕಾಲು ಚಾಚಿ, ಕಣ್ಣು ಮುಚ್ಚಿ ಬಿದ್ದುಕೊಳ್ಳುವನು. ಬೆನ್ನಿಗೆ ಗಂಟು ಸಿಕ್ಕರೆ ಬೆರಳಿಟ್ಟು ತೋರಿಸುವನು. ಸಿಗದಿದ್ದರೆ "ಪಾಸು" ಎನ್ನುವನು. ಎಷ್ಟೋ ಸಲ ಪಾಸೂ ಇಲ್ಲ, ಫೇಲೂ ಇಲ್ಲ, ಗೊರಕೆಯೇ ಉತ್ತರ. ಗಿರಾಕಿಗಳು ನಗುತ್ತಾ ಅದನ್ನೇ ಕೊಂಡುಹೋಗುತ್ತಿದ್ದರು.

ಗುಂಡನಿಗೆ ಮೂವತ್ತು ದಾಟಿತ್ತು. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಅಮ್ಮ ಸಾಯುವ ಮುನ್ನ ಅವನನ್ನು ಅಕ್ಕನ ಕೈಗೆ ಒಪ್ಪಿಸಿ ಹೋದಳೆಂದು ಅಕ್ಕಪಕ್ಕದವರು ಕನಿಕರದಿಂದ ಹೇಳುವುದುಂಟು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರೆಂದು ಒಳಗೆ ಬಂದು ನೋಡಿದವರು ಯಾರು? ಅಕ್ಕ ಸಿಟ್ಟಿಗೆ ಊಟ ಬಿಟ್ಟರೆ ತಟ್ಟೆ ಹಿಡಿದು ಹಿಂದೆ ಬೀಳುವವನು ಅವನೇ. ಅವಳಿಗೂ ಭಾವನಿಗೂ ಮಾತು ನಿಂತಾಗ ಇಬ್ಬರ ನಡುವೆ ಕೂತು ಅದೇ ಹಳೆಯ ಜೋಕು ಶುರುಮಾಡಿ, ಕೊನೆ ಮರೆತು, ತಾನೇ ಮೊದಲು ನಗುವನು.

ಮದುವೆಯಾಗಿ ಬಹಳ ವರ್ಷಕ್ಕೆ ಅಕ್ಕ ಬಸುರಿಯಾದಾಗ ಗುಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಟ್ಟು ಹಿಡಿದು, ಉಳಿದ ಹತ್ತಿಯಲ್ಲಿ ಪುಟ್ಟದೊಂದು ಹಾಸಿಗೆ ಹೊಲಿಸಿದ. ಅದರ ಮೇಲೆ ಮೈ ಹಿಡಿಯದೆ, ಕೆನ್ನೆಯಿಟ್ಟು ನೋಡಿ ಪಾಸು ಮಾಡಿದ.

ಆಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಮಗುವಿಗೂ ಡೌನ್ ಸಿಂಡ್ರೋಮ್ ಇದೆ, ಇಟ್ಟುಕೊಳ್ಳುವುದೋ ತೆಗೆಸುವುದೋ ಯೋಚಿಸಿ ತಿಳಿಸಿ ಎಂದರು ಡಾಕ್ಟರು. ಹೇಳುವವರಿಗೇನು, ಹೇಳಿ ಮುಂದಿನ ಟೋಕನ್ ಕರೆದರು. ಗಂಡಹೆಂಡಿರು ಅಂಗಡಿಗೆ ಬಂದು ಯೋಚಿಸುವುದನ್ನು ಅಲ್ಲೇ ಶುರುಮಾಡಿದರು. ಗುಂಡ ಆಗತಾನೆ ಮುಗಿದ ದೊಡ್ಡ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದ. ಅವನು ಮಲಗಿದನೆಂದರೆ ನಿದ್ದೆ ಹೋದನೆಂದೇ ಅವರ ಲೆಕ್ಕ. ಮನೆಯ ಗುಟ್ಟುಗಳೆಲ್ಲ ಹಾಗೆಯೇ ಅವನ ತಲೆಯ ಮೇಲೆ ಹಾದುಹೋಗಿದ್ದವು.

ನಾವು ಹೋದಮೇಲೆ ಆ ಮಗುವಿಗೆ ಯಾರು ಗತಿ ಎಂದ ಭಾವ. ತಪ್ಪು ಪ್ರಶ್ನೆಯೇನಲ್ಲ. ಅಕ್ಕನಿಗೂ ಅದೇ ಭಯ. ಆದರೆ ಭಯವಾಗುತ್ತಿದೆ ಎನ್ನುವ ಬದಲು ಅವಳು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಒಬ್ಬನನ್ನ ನೋಡ್ಕೊಂಡೇ ಸೋತುಹೋಗಿದೀನಿ. ಇಂಥದ್ದು ಇನ್ನೊಂದು ನನ್ನ ಕೈಲಾಗಲ್ಲ."

ಆಡುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೂ ಆ ಮಾತಿಗೇ ಜೋತುಬಿದ್ದಳು. ಅದನ್ನೇ ನೆಚ್ಚಿಕೊಂಡು ಆಸ್ಪತ್ರೆಗೂ ಹೋಗಿಬಂದಳು.

ಗುಂಡನಿಗೆ ಮಗು ಉಳಿಯಲಿಲ್ಲ ಎಂದಷ್ಟೇ ಹೇಳಿದರು. ಅವನು ಪುಟ್ಟ ಹಾಸಿಗೆಯನ್ನು ಮಡಚಿ ತನ್ನ ದಿಂಬಿನ ಕೆಳಗಿಟ್ಟು, ಬಂದು ಅಕ್ಕನ ತಲೆ ಸವರಿದ. ಆ ಗಿಡ್ಡ ಬೆರಳುಗಳು ತನ್ನ ಮಗುವಿಗೂ ಇರುತ್ತಿದ್ದವಲ್ಲ ಎನಿಸಿ ಅವಳು ಅವನ ಕೈ ಹಿಡಿದುಕೊಂಡಳು. ಬೇಕಾಗಿತ್ತು ಆ ಮಗು, ಈಗ ಬೇಕಾಗಿತ್ತು.

ಅವಳು ಅಂಗಡಿಗೆ ಮರಳಿದ ದಿನ ಹೊಸ ಹಾಸಿಗೆಯೊಂದು ಸಿದ್ಧವಾಗಿತ್ತು. ಗುಂಡ ನೋಡಿದ ಮೇಲೆಯೇ ಒಯ್ಯುತ್ತೇನೆಂದು ಗಿರಾಕಿ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಳು. ಗುಂಡ ಚಪ್ಪಲಿ ಬಿಡಲಿಲ್ಲ. ಬಗ್ಗಿ, ಅಂಗೈಯಿಂದ ಹಾಸಿಗೆಯನ್ನು ಒತ್ತಿ ಒತ್ತಿ ನೋಡತೊಡಗಿದ. ಏನು ಮಹಾರಾಯ, ಇವತ್ತು ಇಷ್ಟು ಬಿಂಕ ಎಂದು ಭಾವ ರೇಗಿಸಿದ. ಅಕ್ಕ ಹತ್ತಿರ ಹೋಗಿ ಭುಜ ಮುಟ್ಟಿ, ಮಲಗಿ ನೋಡೋ ಎಂದಳು.

"ಬೇಡಕ್ಕ," ಎಂದ ಗುಂಡ, ಅವಳ ಮುಖ ನೋಡದೆ. "ನಾನು ಮಲಗಿದ್ರೆ ನೀವು ಮಾತಾಡ್ತೀರ."

ಭಾವನ ನಗು ಅರ್ಧಕ್ಕೇ ನಿಂತಿತು. ಗಿರಾಕಿಗೆ ಏನೊಂದೂ ತಿಳಿಯಲಿಲ್ಲ. ಅಕ್ಕ ಬಾಯಿ ತೆರೆದಳು. ಅವತ್ತು ಆಡಿದ್ದು ಸುಳ್ಳು ಕಣೋ ಎನ್ನಬೇಕಿತ್ತು. ಆ ಸುಳ್ಳಿಗೆ ಮಗುವನ್ನೇ ಕೊಟ್ಟು ಬಂದವಳು ಯಾವ ಬಾಯಲ್ಲಿ ಹೇಳಿಯಾಳು? ಗುಂಡ ಹಾಸಿಗೆಯ ಕೊನೆಯ ಮೂಲೆಯನ್ನೂ ಒತ್ತಿ ನೋಡಿ, "ಪಾಸು" ಎಂದು ನೆಟ್ಟಗೆ ನಿಂತ.